ಚಾರ್ಜರ್ ಹಚ್ಚಿದರೂ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ: ಬ್ಯಾಟರಿ ಬದಲಿಸುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ಮೆಣಸಿನಪೇಟೆ ಲೆಕ್ಕಿಗ, ಬ್ಯಾಡಗಿ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೆಣಸಿನಕಾಯಿಯ ಆವಕ, ರೈತರಿಗೆ ಕೊಡುವ ಪಟ್ಟಿ, ಹಮಾಲಿ, ಖರೀದಿದಾರರ ಬಾಕಿ, ಎಲ್ಲವೂ ಒಂದೇ ಲ್ಯಾಪ್‌ಟಾಪಿನ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಇವೆ. ಕೊಂಡು ನಾಲ್ಕು ವರ್ಷವಾದ ಈ ಲ್ಯಾಪ್‌ಟಾಪ್ ಈಚೆಗೆ ಚಾರ್ಜ್ ಆಗುವುದನ್ನು ನಿಲ್ಲಿಸಿದೆ. ಚಾರ್ಜರ್ ಹಚ್ಚಿದ ಕೂಡಲೇ ಪರದೆಯ ಮೂಲೆಯ ಬ್ಯಾಟರಿ ಚಿತ್ರದ ಮೇಲೆ ಪ್ಲಗ್ಗಿನ ಗುರುತು ಬರುತ್ತದೆ. ಮೌಸನ್ನು ಅದರ ಮೇಲೆ ಒಯ್ದರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂದು ತೋರಿಸುತ್ತದೆ. ಮೊದಲು ಶೇ. 64ರಲ್ಲಿ ನಿಂತಿತ್ತು. ಒಂದು ಮಧ್ಯಾಹ್ನ ಕರೆಂಟು ಹೋದಾಗ ಸುಮಾರು 35 ನಿಮಿಷ ಬ್ಯಾಟರಿಯ ಮೇಲೆಯೇ ಪಟ್ಟಿ ತೆಗೆದೆವು. ಆಗ 37ಕ್ಕೆ ಇಳಿದದ್ದು ಮತ್ತೆ ಏರಿಲ್ಲ. ರಾತ್ರಿಯಿಡೀ ಹಚ್ಚಿಟ್ಟರೂ ಬೆಳಗ್ಗೆ ಅದೇ 37 ಇರುತ್ತದೆ.

ಇನ್ನೊಂದು ತೊಂದರೆಯೂ ಇದೆ. ಚಾರ್ಜರ್ ಹಚ್ಚಿದ್ದಾಗ ಲ್ಯಾಪ್‌ಟಾಪ್ ಬಹಳ ನಿಧಾನವಾಗುತ್ತದೆ, ಒಂದು ಲೆಡ್ಜರ್ ತೆರೆಯಲು ಕಾಯುತ್ತ ಕೂರಬೇಕಾಗುತ್ತದೆ. ಕರೆಂಟು ಹೋದಾಗ ಬ್ಯಾಟರಿಯ ಮೇಲೆ ಮಾತ್ರ ಮೊದಲಿನಂತೆಯೇ ಚುರುಕಾಗಿ ಓಡಿತು. ಆನ್ ಮಾಡುವಾಗ ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಕೆಲವು ಸಾಲುಗಳು ಬರುತ್ತವೆ, ಅಂಗಡಿಯ ಹುಡುಗರು ಎಂಟರ್ ಒತ್ತಿ ಮುಂದಕ್ಕೆ ಹೋಗುತ್ತಾರೆ.

ಒಂದು ಅಂಗಡಿಯಲ್ಲಿ ತೋರಿಸಿದಾಗ ‘ಬ್ಯಾಟರಿ ಹೋಗಿದೆ, ಅದನ್ನು ಬದಲಿಸಿಯೂ ಸರಿಯಾಗದಿದ್ದರೆ ಮದರ್‌ಬೋರ್ಡ್ ಬದಲಿಸಬೇಕು’ ಎಂದರು. ಮೊದಲು ಬ್ಯಾಟರಿಗೆ ಕೆಲವು ಸಾವಿರ ಕೊಟ್ಟು, ಆಮೇಲೆ ಬೋರ್ಡಿಗೂ ಕೊಡುವ ಪರಿಸ್ಥಿತಿ ಬರಬಾರದೆಂದು ಕೇಳುತ್ತಿದ್ದೇನೆ. ಪ್ರಾಂಗಣದಲ್ಲಿ ವೋಲ್ಟೇಜ್ ಏರಿಳಿತವೂ ಉಂಟು. ದೋಷ ಅಲ್ಲಿಂದ ಬಂದಿರಬಹುದೇ? ಹಂಗಾಮು ನಡೆದಿರುವುದರಿಂದ ಲ್ಯಾಪ್‌ಟಾಪನ್ನು ಬಹಳ ದಿನ ರಿಪೇರಿಗೆ ಬಿಟ್ಟಿರಲು ಆಗುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೆಟಗೇರಿ ಡಿಟಿಪಿ, ಗದಗ

ಬ್ಯಾಡಗಿಯ ಅಣ್ಣನವರಿಗೆ ನಮಸ್ಕಾರ. ದುಡ್ಡು ಖರ್ಚಾಗದ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಳ್ಳಿರಿ. ಲ್ಯಾಪ್‌ಟಾಪನ್ನು ಪೂರ್ತಿ ಬಂದ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿರಿ, ಆಮೇಲೆ ಚಾರ್ಜರ್ ಹಚ್ಚಿ ಆನ್ ಮಾಡಿರಿ. ಚಾರ್ಜಿಂಗ್ ನೋಡಿಕೊಳ್ಳುವ ಚಿಕ್ಕ ಚಿಪ್ ಒಂದು ಬೋರ್ಡಿನ ಮೇಲೆ ಇರುತ್ತದೆ. ವಿಂಡೋಸ್ ಬಂದ್ ಆದ ಮೇಲೂ ಅದು ಕೆಲಸ ಮಾಡುತ್ತಲೇ ಇರುವುದರಿಂದ, ಒಮ್ಮೆ ತಪ್ಪು ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಸಾಮಾನ್ಯ ರೀಸ್ಟಾರ್ಟಿನಿಂದ ಬಿಡಿಸಿಕೊಳ್ಳುವುದಿಲ್ಲ. ಇದರಿಂದ ಆಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ‘ಬ್ಯಾಟರೀಸ್’ ಸಾಲನ್ನು ತೆರೆದು, ‘ಮೈಕ್ರೋಸಾಫ್ಟ್ ಎಸಿಪಿಐ ಕಂಪ್ಲಾಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ’ ಎಂಬುದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿರಿ. ವಿಂಡೋಸ್ ಅದನ್ನು ತಾನಾಗಿಯೇ ಮತ್ತೆ ಹಾಕಿಕೊಳ್ಳುತ್ತದೆ.

ಚಾರ್ಜಿಂಗ್ ಮಿತಿಯನ್ನೂ ನೋಡಬೇಕು. ಬ್ಯಾಟರಿಯ ಆಯುಷ್ಯ ಉಳಿಸಲು ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳು ನೂರರವರೆಗೆ ತುಂಬದೆ ನಡುವೆಯೇ ನಿಲ್ಲಿಸುವ ಸೌಲಭ್ಯ ಕೊಡುತ್ತವೆ. ಲೆನೊವೊದಲ್ಲಿ ಅದು ವ್ಯಾಂಟೇಜ್ ತಂತ್ರಾಂಶದ ‘ಕನ್ಸರ್ವೇಶನ್ ಮೋಡ್’, ಏಸುಸ್‌ನಲ್ಲಿ ‘ಮೈಏಸುಸ್’ ಒಳಗಿನ 60, 80, 100ರ ಆಯ್ಕೆ. ಯಾರಾದರೂ ಗೊತ್ತಿಲ್ಲದೆ ಅದನ್ನು ಒತ್ತಿಟ್ಟಿದ್ದರೆ ಒಳ್ಳೆಯ ಬ್ಯಾಟರಿಯೂ ‘ನಾಟ್ ಚಾರ್ಜಿಂಗ್’ ಎಂದೇ ತೋರಿಸುತ್ತದೆ.

ಇವೆಲ್ಲಕ್ಕಿಂತ ಮುಂಚೆ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕೂ ಮೂಲೆಗಳು ಕೂರುತ್ತವೆಯೇ ನೋಡಿರಿ. ನಮ್ಮ ಡಿಟಿಪಿ ಕೇಂದ್ರದಲ್ಲಿ ಲಗ್ನಪತ್ರಿಕೆಗಳ ಸುಗ್ಗಿಯಲ್ಲಿ ಒಂದು ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಒತ್ತಿದರೂ ಟಿಕ್ ಎನ್ನದೆ ಗಟ್ಟಿಯಾಗಿ ನಿಂತಿತ್ತು; ಕೆಳಗಿನ ಮುಚ್ಚಳದ ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಬಿದ್ದಿತ್ತು. ಒಳಗೆ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. ಅಂಥ ಲಕ್ಷಣ ಕಂಡರೆ ಯಾವ ಪರೀಕ್ಷೆಯೂ ಬೇಡ, ಚಾರ್ಜರ್ ಹಚ್ಚಲೂ ಬೇಡ. ಬಂದ್ ಮಾಡಿ ನೇರವಾಗಿ ರಿಪೇರಿಯವರಲ್ಲಿಗೆ ಒಯ್ಯಿರಿ.

ಉತ್ತರ: ಎಲೆಕ್ಟ್ರಾನಿಕ್ಸ್ ಮಾಸ್ತರ, ಧಾರವಾಡ

ಗದಗಿನವರು ಹೇಳಿದ ಪರೀಕ್ಷೆಗಳನ್ನು ಮಾಡುವುದರಲ್ಲಿ ನಷ್ಟವಿಲ್ಲ. ಆದರೆ ಚಾರ್ಜಿಂಗ್ ಮಿತಿ ಇಲ್ಲಿ ಕಾರಣವಾಗಿರಲಾರದು. ಮಿತಿ ಹಾಕಿದ ಲ್ಯಾಪ್‌ಟಾಪ್ ಶೇ. 60ರಲ್ಲಿಯೋ 80ರಲ್ಲಿಯೋ ನಿಲ್ಲುತ್ತದೆ, ಅದಕ್ಕಿಂತ ಬಹಳ ಕೆಳಕ್ಕೆ ಇಳಿದಾಗ ಮತ್ತೆ ತುಂಬಿಕೊಳ್ಳುತ್ತದೆ. 64ರಲ್ಲಿ ನಿಂತಿದ್ದದ್ದು 37ಕ್ಕೆ ಇಳಿದ ಮೇಲೂ ಏರಲಿಲ್ಲವೆಂದರೆ ಚಾರ್ಜಿಂಗ್ ಪೂರ್ತಿಯಾಗಿಯೇ ನಿಂತಿದೆ.

ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬ್ಯಾಟರಿಯ ಅಂಕಿಗಿಂತ ವೇಗದ ಸಂಗತಿ. ಚಾರ್ಜರ್ ಇದ್ದಾಗ ನಿಧಾನ, ಇಲ್ಲದಾಗ ಚುರುಕು ಎಂದು ತಾವು ಬರೆದಿದ್ದೀರಿ. ಸಾಮಾನ್ಯವಾಗಿ ಇದು ತಿರುವುಮುರುವಾಗಿರುತ್ತದೆ. ಬ್ಯಾಟರಿಯ ಮೇಲೆ ಓಡುವಾಗಲೇ ಲ್ಯಾಪ್‌ಟಾಪ್ ವೇಗ ತಗ್ಗಿಸಿ ವಿದ್ಯುತ್ ಉಳಿಸುತ್ತದೆ. ಈ ವಿಪರೀತಕ್ಕೆ ಹೆಚ್ಚಾಗಿ ಕಾರಣ ಒಂದೇ: ತನಗೆ ಹಚ್ಚಿರುವ ಚಾರ್ಜರ್ ಎಷ್ಟು ವ್ಯಾಟಿನದು ಎಂಬುದು ಲ್ಯಾಪ್‌ಟಾಪಿಗೆ ತಿಳಿಯುತ್ತಿಲ್ಲ.

ದುಂಡು ಪಿನ್ನಿನ ಅನೇಕ ಚಾರ್ಜರುಗಳ ತುದಿಯ ಒಳಗೆ ಇಣುಕಿ ನೋಡಿದರೆ ನಟ್ಟನಡುವೆ ತೆಳುವಾದ ಇನ್ನೊಂದು ಪಿನ್ ಕಾಣುತ್ತದೆ. ಸುತ್ತಲಿನ ಲೋಹದ ಒಳಬದಿ ಮತ್ತು ಹೊರಬದಿ 19.5 ವೋಲ್ಟ್ ವಿದ್ಯುತ್ತನ್ನು ಒಯ್ಯುತ್ತವೆ. ನಡುವಿನ ತೆಳು ಪಿನ್ ಒಯ್ಯುವುದು ಗುರುತನ್ನು ಮಾತ್ರ. ಕೆಲವು ಕಂಪನಿಗಳು ಚಾರ್ಜರಿನೊಳಗೆ ಒಂದು ಚಿಕ್ಕ ಮೆಮೊರಿ ಚಿಪ್ ಇಟ್ಟು ಅದರಲ್ಲಿ ‘ಇದು 65 ವ್ಯಾಟ್, 19.5 ವೋಲ್ಟ್’ ಎಂಬಂಥ ಮಾಹಿತಿಯನ್ನು ಬರೆದಿಟ್ಟಿರುತ್ತವೆ; ಇನ್ನು ಕೆಲವು ಕಂಪನಿಗಳು ಚಿಪ್ಪಿನ ಬದಲು ಒಂದು ರೆಸಿಸ್ಟರ್ ಇಟ್ಟು ಅದರ ಬೆಲೆಯಿಂದ ವ್ಯಾಟನ್ನು ಗುರುತಿಸುತ್ತವೆ. ಆ ಗುರುತು ಸಿಗದಿದ್ದಾಗ ಲ್ಯಾಪ್‌ಟಾಪ್ ಸುರಕ್ಷತೆಯ ದಾರಿ ಹಿಡಿಯುತ್ತದೆ: ಬ್ಯಾಟರಿ ತುಂಬುವುದನ್ನು ನಿಲ್ಲಿಸಿ, ಪ್ರೊಸೆಸರಿನ ವೇಗವನ್ನು ಬಹಳ ಕೆಳಕ್ಕೆ ಇಳಿಸಿ, ಆದಷ್ಟು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಸಾಗಿಸುತ್ತದೆ. ಹೀಗಾಗಿ ಪ್ಲಗ್ಗಿನ ಗುರುತು ಬರುತ್ತದೆ, ಲ್ಯಾಪ್‌ಟಾಪ್ ಓಡುತ್ತದೆ, ಚಾರ್ಜ್ ಮಾತ್ರ ಆಗುವುದಿಲ್ಲ. ಪರಗಾವಿನ ಲಾರಿ ಬಂದು ಬಾಗಿಲಿಗೆ ನಿಂತರೂ ಬಿಲ್ಟಿ (ಸಾಗಣೆಯ ಚೀಟಿ) ಇಲ್ಲದೆ ಮಾಲು ಇಳಿಸಿಕೊಳ್ಳದಂತೆ ಇದು.

ವೋಲ್ಟೇಜಿನ ಬಗ್ಗೆ ತಮ್ಮ ಅನುಮಾನವನ್ನು ಚಾರ್ಜರಿನ ಬೆನ್ನಿನ ಚೀಟಿಯೇ ಪರಿಹರಿಸುತ್ತದೆ. ಅಲ್ಲಿ ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್ ಎಂದು ಬರೆದಿರುತ್ತದೆ. ನಮ್ಮ ಹೆಸ್ಕಾಂ ಪೂರೈಕೆ 230 ವೋಲ್ಟಿನದು. ಅದು 180ಕ್ಕೆ ಇಳಿದರೂ ಚಾರ್ಜರಿನ ಹೊರಬರುವ ವೋಲ್ಟೇಜ್ ಬದಲಾಗುವುದಿಲ್ಲ. ಅಪಾಯವಿರುವುದು ಹೋದ ಕರೆಂಟು ಮರಳುವ ಗಳಿಗೆಯ ಏರಿಕೆಯಲ್ಲಿ ಮತ್ತು ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಸಿಡಿಲಿನಲ್ಲಿ. ಅಂಥ ಪೆಟ್ಟು ಬಿದ್ದಿದ್ದರೆ ಸಾಮಾನ್ಯವಾಗಿ ಚಾರ್ಜರ್ ಪೂರ್ತಿ ಸಾಯುತ್ತದೆ, ಅರ್ಧ ಕೆಲಸ ಮಾಡುವುದಿಲ್ಲ.

ಇನ್ನು ಬ್ಯಾಟರಿ. ಸಾಧಾರಣ ಲೆಕ್ಕದ ಕೆಲಸಕ್ಕೆ ಲ್ಯಾಪ್‌ಟಾಪ್ ಸುಮಾರು 12 ವ್ಯಾಟ್ ಬಳಸುತ್ತದೆ ಎಂದು ಹಿಡಿಯೋಣ. 35 ನಿಮಿಷಕ್ಕೆ 7 ವ್ಯಾಟ್-ಅವರ್ ಆಯಿತು. ಅಷ್ಟು ಹೊತ್ತಿನಲ್ಲಿ ಇಳಿದದ್ದು ಶೇ. 27, ಎಂದರೆ ತುಂಬಿದ ಬ್ಯಾಟರಿಯಲ್ಲಿ ಸುಮಾರು 26 ವ್ಯಾಟ್-ಅವರ್ ಹಿಡಿಯುತ್ತದೆ. ಮೂರು ಕೋಶಗಳ ಬ್ಯಾಟರಿ ಹೊಸದಿದ್ದಾಗ 40ರ ಆಸುಪಾಸು ಇರುವುದು ಸಾಮಾನ್ಯ. ನಾಲ್ಕು ವರ್ಷದ ಬಳಕೆಗೆ ಈ ಸವೆತ ಸಹಜವಾದದ್ದೇ; ‘ಬ್ಯಾಟರಿ ಹೋಗಿದೆ’ ಎಂಬ ತೀರ್ಪಿಗೆ ಇದರಲ್ಲಿ ಆಧಾರ ಕಾಣುವುದಿಲ್ಲ.

ಇದನ್ನು ನಿಖರವಾಗಿ ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ‘ಪವರ್’ ಎಂದು ಬರೆದು ಅದಕ್ಕೆ ಅಂಟಿಸಿಯೇ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ಸೇರಿಸಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿ’ ‘ರಿಪೋರ್ಟ್’ ಎರಡನ್ನೂ ಕೂಡಿಸಿ ಬರೆದು ಎಂಟರ್ ಒತ್ತಿರಿ. ವಿಂಡೋಸ್ ಒಂದು ವರದಿಯನ್ನು ಬರೆದು ಅದನ್ನು ಎಲ್ಲಿ ಇಟ್ಟಿದೆ ಎಂದು ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂಬ ಎರಡು ಸಾಲುಗಳನ್ನು ಹೋಲಿಸಿರಿ. ಜೊತೆಗೆ, ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್ (ವಿಂಡೋಸ್ ತೆರೆಯುವ ಮುನ್ನ ಬರುವ ಮೂಲ ಸೆಟ್ಟಿಂಗುಗಳ ಪರದೆ) ಒಳಗೆ ಹೋಗಿ, ಬ್ಯಾಟರಿಯ ಮಾಹಿತಿ ಇರುವ ಪುಟದಲ್ಲಿ ಚಾರ್ಜರಿನ ವಿಧದ ಎದುರಿಗೆ ಏನಿದೆ ಎಂಬುದನ್ನು ಓದಿರಿ. ಕೆಲವು ಕಂಪನಿಗಳಲ್ಲಿ ಎಫ್2ರ ಬದಲು ಎಫ್10 ಇರುತ್ತದೆ. ಹುಡುಗರು ಎಂಟರ್ ಒತ್ತಿ ದಾಟಿಸುವ ಆ ಸಾಲುಗಳನ್ನೂ ಒಮ್ಮೆ ಪೂರ್ತಿ ಓದಿ ಇಲ್ಲಿ ಬರೆಯಿರಿ.

ಪ್ರತಿಕ್ರಿಯೆ: ಮೆಣಸಿನಪೇಟೆ ಲೆಕ್ಕಿಗ, ಬ್ಯಾಡಗಿ

ಮಾಸ್ತರರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಗದಗಿನ ಅಣ್ಣನವರು ಹೇಳಿದಂತೆ ಪವರ್ ಬಟನ್ ಒತ್ತಿ ಹಿಡಿದು ನೋಡಿದೆ, ಬದಲಾವಣೆಯಿಲ್ಲ. ಟಚ್‌ಪ್ಯಾಡ್ ಸರಿಯಾಗಿದೆ, ಮೇಜಿನ ಮೇಲೆ ನಾಲ್ಕೂ ಮೂಲೆಗಳು ಕೂರುತ್ತವೆ. ಕಪ್ಪು ಪರದೆಯ ಸಾಲುಗಳ ಸಾರ ಹೀಗಿದೆ: ಚಾರ್ಜರಿನ ವ್ಯಾಟ್ ಮತ್ತು ವಿಧವನ್ನು ಕಂಡುಹಿಡಿಯಲು ಆಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗದಿರಬಹುದು, ಲ್ಯಾಪ್‌ಟಾಪಿನ ವೇಗ ತಗ್ಗಬಹುದು. ಬಯೋಸಿನಲ್ಲಿ ಚಾರ್ಜರಿನ ವಿಧದ ಎದುರಿಗೆ ‘ಅನ್‌ನೋನ್’ ಎಂದಿದೆ. ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ 42,000 ಮಿಲಿವ್ಯಾಟ್-ಅವರ್, ಫುಲ್ ಚಾರ್ಜ್ ಕೆಪ್ಯಾಸಿಟಿ 27,300. ತಮ್ಮ ಅಂದಾಜಿಗೆ ಇದು ಬಹಳ ಹತ್ತಿರವಿದೆ.

ಚಾರ್ಜರ್ ಲ್ಯಾಪ್‌ಟಾಪಿನ ಜೊತೆಗೇ ಬಂದ 65 ವ್ಯಾಟಿನದು, ಅದರ ಮೇಲಿನ ಹಸಿರು ದೀಪ ಉರಿಯುತ್ತಿದೆ. ಹಾಗಿದ್ದೂ ಗುರುತು ಏಕೆ ಸಿಗದು?

ಉತ್ತರ: ಲ್ಯಾಪ್‌ಟಾಪ್ ರಿಪೇರಿ, ಹುಬ್ಬಳ್ಳಿ

ಕೊಪ್ಪಿಕರ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಈ ಬಗೆಯ ಲ್ಯಾಪ್‌ಟಾಪುಗಳು ನನ್ನ ಮೇಜಿಗೆ ಮೇಲಿಂದ ಮೇಲೆ ಬರುತ್ತವೆ. ಮಾಸ್ತರರು ಹೇಳಿದ ಕಾರಣವೇ ಸರಿ. ಅದು ಎಲ್ಲಿ ಕಡಿದಿದೆ ಎಂಬುದನ್ನು ಹುಡುಕುವ ಕ್ರಮವನ್ನು ನಾನು ಬರೆಯುತ್ತೇನೆ.

ಹಸಿರು ದೀಪಕ್ಕೂ ಗುರುತಿಗೂ ಸಂಬಂಧವಿಲ್ಲ. ದೀಪ ಉರಿದರೆ ಚಾರ್ಜರಿನ ಡಬ್ಬಿಯೊಳಗೆ ವಿದ್ಯುತ್ ತಯಾರಾಗುತ್ತಿದೆ ಎಂದಷ್ಟೇ ಅರ್ಥ. ಡಬ್ಬಿಯಿಂದ ಹೊರಡುವ ವೈರನ್ನು ಸುಲಿದು ನೋಡಿದರೆ ದಪ್ಪನೆಯ ಎರಡು ದಾರಿಗಳ ಜೊತೆಗೆ ಬಹಳ ಸಪೂರವಾದ ಮೂರನೆಯ ತಂತಿ ಇರುತ್ತದೆ. ಗುರುತು ಬರುವುದು ಅದರಲ್ಲಿಯೇ. ವೈರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಿಡುವ ರೂಢಿ ಎಲ್ಲರಲ್ಲಿಯೂ ಇದೆ. ಲ್ಯಾಪ್‌ಟಾಪನ್ನು ಗಾದಿಯ ಮೇಲಿಟ್ಟು ಪಿನ್ನಿನ ಬುಡವನ್ನು ಓರೆಯಾಗಿ ಬಾಗಿಸುವುದೂ ಇದೆ. ಹೀಗೆ ಮಡಚಿ ಮಡಚಿ ಪಿನ್ನಿನ ಕುತ್ತಿಗೆಯಲ್ಲಿ ಮೊದಲು ಕಡಿಯುವುದು ಆ ಸಪೂರ ತಂತಿ. ದಪ್ಪ ತಂತಿಗಳು ಉಳಿದಿರುವುದರಿಂದ ಲ್ಯಾಪ್‌ಟಾಪ್ ಓಡುತ್ತಲೇ ಇರುತ್ತದೆ, ಹೊರಗಿನ ರಬ್ಬರಿನ ಮೇಲೆ ಏನೂ ಕಾಣುವುದಿಲ್ಲ. ಕುತ್ತಿಗೆಯನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ಒಂದು ಬದಿಗೆ ಬಾಗಿಸಿದಾಗ ಲ್ಯಾಪ್‌ಟಾಪಿನ ಚಾರ್ಜಿಂಗ್ ದೀಪ ಕ್ಷಣಕಾಲ ಹತ್ತಿ ಆರಿದರೆ ದೋಷ ಅಲ್ಲಿಯೇ ಇದೆ ಎಂದು ತಿಳಿಯಿರಿ.

ಹೀಗೆ ಗೊತ್ತಾಗದಿದ್ದರೆ ಅದೇ ಕಂಪನಿಯ, ಅದೇ ಪಿನ್ನಿನ, ಅದೇ 65 ವ್ಯಾಟಿನ ಇನ್ನೊಂದು ಚಾರ್ಜರನ್ನು ಯಾರಿಂದಲಾದರೂ ಐದು ನಿಮಿಷಕ್ಕೆ ಕೇಳಿ ತಂದು ಬಯೋಸಿನಲ್ಲಿ ನೋಡುವುದೇ ಖಚಿತವಾದ ಪರೀಕ್ಷೆ. ಅಲ್ಲಿ ‘65 ವ್ಯಾಟ್’ ಎಂದು ಬಂದರೆ ತಮ್ಮ ಲ್ಯಾಪ್‌ಟಾಪಿನಲ್ಲಿ ದೋಷವಿಲ್ಲ. ಇದರಿಂದಲೂ ‘ಅನ್‌ನೋನ್’ ಎಂದೇ ಬಂದರೆ ಲ್ಯಾಪ್‌ಟಾಪಿನ ಬದಿಯ ಚಾರ್ಜಿಂಗ್ ಜ್ಯಾಕನ್ನು ನೋಡಬೇಕು. ಬಹಳ ಮಾಡೆಲುಗಳಲ್ಲಿ ಜ್ಯಾಕ್ ಬೋರ್ಡಿಗೆ ಬೆಸೆದಿರುವುದಿಲ್ಲ, ಗೇಣುದ್ದದ ವೈರಿನ ತುದಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಬದಲಿಸಬಹುದು. ಅದನ್ನೂ ಬದಲಿಸಿ ಗುರುತು ಸಿಗದಿದ್ದಾಗ ಮಾತ್ರ ಮದರ್‌ಬೋರ್ಡಿನ ಮಾತು ಬರುತ್ತದೆ, ಆಗಲೂ ಗುರುತಿನ ದಾರಿಯಲ್ಲಿರುವ ಒಂದೆರಡು ಚಿಕ್ಕ ಭಾಗಗಳನ್ನು ಬದಲಿಸಿ ಸರಿಪಡಿಸಲು ಸಾಧ್ಯವಿರುತ್ತದೆ. ಇವನ್ನು ನೋಡದೆ ಬೋರ್ಡನ್ನೇ ಬದಲಿಸಿ ಎನ್ನುವುದು ಗಿರಾಕಿಗೆ ಅನ್ಯಾಯ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಮಲ್ಟಿಮೀಟರ್ ಇದೆಯೆಂದು ಪಿನ್ನಿನೊಳಗೆ ಕಡ್ಡಿ ತೂರಿಸಿ ವೋಲ್ಟೇಜ್ ನೋಡಲು ಹೋಗಬೇಡಿರಿ. ಕೈ ಸ್ವಲ್ಪ ಜಾರಿ ಮೀಟರಿನ ಮೊನೆ ಒಳಗೋಡೆಯನ್ನೂ ನಡುವಿನ ತೆಳು ಪಿನ್ನನ್ನೂ ಒಟ್ಟಿಗೆ ಮುಟ್ಟಿದರೆ 19.5 ವೋಲ್ಟ್ ನೇರವಾಗಿ ಗುರುತಿನ ಚಿಪ್ಪಿಗೆ ನುಗ್ಗುತ್ತದೆ. ಒಳ್ಳೆಯ ಚಾರ್ಜರೂ ಅಲ್ಲಿಗೆ ‘ಅನ್‌ನೋನ್’ ಆಗಿಬಿಡುತ್ತದೆ. ಮೀಟರ್ 19.5 ತೋರಿಸಿದರೂ ಅದರಿಂದ ನಮಗೆ ಬೇಕಾದ ಉತ್ತರ ಸಿಗುವುದಿಲ್ಲ.

ಬ್ಯಾಡಗಿಯ ಲ್ಯಾಪ್‌ಟಾಪುಗಳ ಬಗ್ಗೆ ಇನ್ನೊಂದು ಮಾತು. ಮೆಣಸಿನಕಾಯಿ ಪೇಟೆಯಿಂದ ಬಂದ ಯಂತ್ರದ ಕೆಳಮುಚ್ಚಳ ತೆಗೆದರೆ ಫ್ಯಾನಿನ ಹಿಂದಿನ ತಾಮ್ರದ ರೆಕ್ಕೆಗಳ ನಡುವೆ ಕೆಂಪು ಧೂಳು ಒತ್ತೊತ್ತಾಗಿ ಕೂತಿರುತ್ತದೆ, ಬಿಡಿಸುವಾಗ ಘಾಟಿಗೆ ಮೂಗು ಕಟ್ಟಿಕೊಂಡೇ ಕೆಲಸ ಮಾಡಬೇಕು. ಗಾಳಿ ಆಡದೆ ಒಳಗೆ ಬಿಸಿಯೇರಿದರೆ ಬ್ಯಾಟರಿಗೂ ಅದು ತಾಕುತ್ತದೆ. ಕೋಶಗಳು ಸುಮಾರು 45 ಡಿಗ್ರಿ ದಾಟಿದರೆ ಬ್ಯಾಟರಿಯ ರಕ್ಷಣಾ ಮಂಡಲವೇ ಚಾರ್ಜಿಂಗ್ ನಿಲ್ಲಿಸುವುದು ಸಾಮಾನ್ಯ. ತಮ್ಮಲ್ಲಿ ಬೆಳಗಿನ ತಂಪಿನಲ್ಲಿಯೂ ಚಾರ್ಜ್ ಆಗದಿರುವುದರಿಂದ ಈಗಿನ ದೋಷಕ್ಕೆ ಬಿಸಿ ಕಾರಣವಲ್ಲ, ಆದರೆ ಬೇಸಿಗೆ ಏರುವ ಮುನ್ನ ಧೂಳು ತೆಗೆಸುವುದು ಒಳ್ಳೆಯದು. ಜ್ಯಾಕಿನ ಬಾಯಲ್ಲಿ ಧೂಳು ಕಂಡರೆ ಬಂದ್ ಮಾಡಿ ಒಣಗಿದ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಬಾಯಿಂದ ಊದಿದರೆ ತೇವ ಸೇರುತ್ತದೆ. ಗುಂಡುಸೂಜಿ ಹಾಕಿ ಕೆದರಿದರೆ ನಡುವಿನ ಸಂಪರ್ಕ ಬಾಗುತ್ತದೆ.

ಪ್ರತಿಕ್ರಿಯೆ: ಬೆಟಗೇರಿ ಡಿಟಿಪಿ, ಗದಗ

ಚಾರ್ಜರ್ ಬದಲಿಸುವವರೆಗೆ ವೇಗವನ್ನಾದರೂ ಮರಳಿ ಪಡೆಯಲು ಪ್ರೊಸೆಸರಿನ ತಡೆಯನ್ನು ತೆಗೆಯುವ ಉಚಿತ ತಂತ್ರಾಂಶಗಳಿವೆ. ಅದನ್ನು ಹಾಕಿಕೊಂಡು ಹಂಗಾಮು ಮುಗಿಯುವವರೆಗೆ ದೂಡಬಹುದಲ್ಲವೇ?

ಪ್ರತಿಕ್ರಿಯೆ: ಲ್ಯಾಪ್‌ಟಾಪ್ ರಿಪೇರಿ, ಹುಬ್ಬಳ್ಳಿ

ಅದನ್ನು ನಾನು ಒಪ್ಪುವುದಿಲ್ಲ. ಸಪೂರ ತಂತಿ ಕಡಿದ ಜಾಗದಲ್ಲಿ ದಪ್ಪ ತಂತಿಯ ಎಳೆಗಳೂ ಒಂದೊಂದಾಗಿ ಕಡಿಯುತ್ತಿರುತ್ತವೆ. ತಡೆಯನ್ನು ತೆಗೆದು ಪೂರ್ತಿ ವೇಗಕ್ಕೆ ಓಡಿಸಿದರೆ ಉಳಿದ ಕೆಲವೇ ಎಳೆಗಳ ಮೂಲಕ ಹೆಚ್ಚು ಕರೆಂಟು ಹರಿದು ಪಿನ್ನಿನ ಕುತ್ತಿಗೆ ಬಿಸಿಯಾಗುತ್ತದೆ. ಕುತ್ತಿಗೆ ಕರಗಿ ಜ್ಯಾಕಿನೊಳಗೆ ಅಂಟಿಕೊಂಡ ಪಿನ್ನುಗಳನ್ನು ನಾನು ಕಿತ್ತು ತೆಗೆದಿದ್ದೇನೆ. ಅದಲ್ಲದೆ ತುಂಬದ ಬ್ಯಾಟರಿ 37ರಲ್ಲಿಯೇ ಇದೆ. ಅದೂ ಮುಗಿದ ಮೇಲೆ ಕರೆಂಟು ಹೋದರೆ ಟ್ಯಾಲಿ ತೆರೆದಿರುವಾಗಲೇ ಲ್ಯಾಪ್‌ಟಾಪ್ ಬಂದ್ ಆಗುತ್ತದೆ, ಡೇಟಾ ಕೆಡುವ ಸಂಭವವಿದೆ. ಇಂದೇ ಟ್ಯಾಲಿಯ ಬ್ಯಾಕಪ್ ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿರಿ, ಉಳಿದದ್ದು ಆಮೇಲೆ.

ಇನ್ನೊಂದು ಪ್ರಶ್ನೆ: ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಸರ್, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಲ್ಯಾಪ್‌ಟಾಪಿಗೆ ದುಂಡು ಪಿನ್ ಇಲ್ಲ, ಟೈಪ್-ಸಿ ಇದೆ. ಓದುವ ಕೋಣೆಗೆ ಹೋಗುವಾಗ ಭಾರವೆಂದು ಅದರ ಚಾರ್ಜರ್ ಬಿಟ್ಟು, ಅಣ್ಣನ ಫೋನಿನ 80 ವ್ಯಾಟ್ ಚಾರ್ಜರನ್ನು ಒಯ್ಯುತ್ತೇನೆ. ಲ್ಯಾಪ್‌ಟಾಪಿಗೆ 65 ವ್ಯಾಟ್ ಸಾಕು ಎಂದಿದ್ದರೂ ಚಾರ್ಜ್ ಏರುವುದಿಲ್ಲ, ಕೆಲವೊಮ್ಮೆ ಇಳಿಯುತ್ತದೆ. ಇದೂ ಗುರುತಿನ ದೋಷವೇ?

ಉತ್ತರ: ಎಲೆಕ್ಟ್ರಾನಿಕ್ಸ್ ಮಾಸ್ತರ, ಧಾರವಾಡ

ತಂಗಿ, ನಿನ್ನಲ್ಲಿ ಯಾವುದೂ ಕೆಟ್ಟಿಲ್ಲ. ಟೈಪ್-ಸಿಯಲ್ಲಿ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮೊದಲು 5 ವೋಲ್ಟಿನಲ್ಲಿ ಕೂಡಿಕೊಂಡು, ಪವರ್ ಡೆಲಿವರಿ ಎಂಬ ಸರ್ವಸಮ್ಮತ ವಿಧಾನದಲ್ಲಿ ಮಾತುಕತೆ ನಡೆಸಿ, ಇಬ್ಬರಿಗೂ ಒಪ್ಪಿಗೆಯಾದ ವೋಲ್ಟೇಜಿಗೆ ಏರುತ್ತವೆ. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 20 ವೋಲ್ಟ್ ಬೇಕು. ಫೋನಿನ ಚಾರ್ಜರ್ ಮೇಲಿರುವ 80 ವ್ಯಾಟ್ ಹೆಚ್ಚಾಗಿ ಆ ಫೋನ್ ಕಂಪನಿಯ ಸ್ವಂತ ವಿಧಾನದಲ್ಲಿ, ಅದರದೇ ಫೋನಿಗೆ ಮಾತ್ರ ಸಿಗುವಂಥದ್ದು. ಬೇರೆ ಉಪಕರಣ ಹಚ್ಚಿದಾಗ ಅದು ಬಹಳ ಕಡಿಮೆಗೆ ಇಳಿಯುತ್ತದೆ. ಆಗ ಬರುವ ವಿದ್ಯುತ್ತು ಲ್ಯಾಪ್‌ಟಾಪ್ ಬಳಸುವುದಕ್ಕಿಂತ ಕಡಿಮೆಯಾದರೆ ಹಚ್ಚಿದ್ದರೂ ಬ್ಯಾಟರಿ ಇಳಿಯುತ್ತದೆ. ಚಾರ್ಜರಿನ ಚೀಟಿಯಲ್ಲಿ ಔಟ್‌ಪುಟ್ ಸಾಲಿನಲ್ಲಿ ‘ಪಿಡಿ’ ಮತ್ತು ‘20 ವೋಲ್ಟ್, 3.25 ಆಂಪಿಯರ್’ ಇದ್ದರೆ ಅದು 65 ವ್ಯಾಟಿನ ಸರಿಯಾದ ಚಾರ್ಜರ್. ಕೇಬಲನ್ನೂ ಗಮನಿಸು: ಸಾಧಾರಣ ಟೈಪ್-ಸಿ ಕೇಬಲ್ 3 ಆಂಪಿಯರ್‌ವರೆಗೆ, ಎಂದರೆ 60 ವ್ಯಾಟ್ ಮಾತ್ರ ಒಯ್ಯುತ್ತದೆ. ಅದಕ್ಕಿಂತ ಹೆಚ್ಚಿಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಚಾರ್ಜರಿಗೆ ಅಂಟಿಕೊಂಡೇ ಬಂದ ಕೇಬಲ್ ಇದ್ದರೆ ಈ ಚಿಂತೆಯಿಲ್ಲ.

ಪ್ರತಿಕ್ರಿಯೆ: ಮೆಣಸಿನಪೇಟೆ ಲೆಕ್ಕಿಗ, ಬ್ಯಾಡಗಿ

ಬ್ಯಾಕಪ್ ತೆಗೆದುಕೊಂಡೆ. ನಮ್ಮ ಸಾಲಿನ ಇನ್ನೊಂದು ಅಂಗಡಿಯಲ್ಲಿ ಇದೇ ಕಂಪನಿಯ ಲ್ಯಾಪ್‌ಟಾಪ್ ಇದೆ, ಅದರ 65 ವ್ಯಾಟ್ ಚಾರ್ಜರನ್ನು ಊಟದ ಹೊತ್ತಿಗೆ ಕೇಳಿ ತಂದು ಹಚ್ಚಿದೆ. ಆನ್ ಮಾಡಿದಾಗ ಆ ಕಪ್ಪು ಪರದೆಯ ಸಾಲುಗಳು ಬರಲಿಲ್ಲ, ಬಯೋಸಿನಲ್ಲಿ ‘65 ವ್ಯಾಟ್’ ಎಂದು ಬಂತು, ವಿಂಡೋಸ್ ತೆರೆದ ಮೇಲೆ 37 ಇದ್ದದ್ದು ನೋಡನೋಡುತ್ತ 38, 39 ಆಯಿತು. ಟ್ಯಾಲಿಯೂ ಮೊದಲಿನ ವೇಗಕ್ಕೆ ಬಂತು. ಆಮೇಲೆ ನಮ್ಮ ಚಾರ್ಜರನ್ನು ಹಚ್ಚಿ, ಹುಬ್ಬಳ್ಳಿಯವರು ಹೇಳಿದಂತೆ ಕುತ್ತಿಗೆಯನ್ನು ಎಡಕ್ಕೆ ಬಾಗಿಸಿ ಹಿಡಿದಾಗ ಚಾರ್ಜಿಂಗ್ ದೀಪ ಒಮ್ಮೆ ಹತ್ತಿ ಆರಿತು. ಅಂದಮೇಲೆ ಬ್ಯಾಟರಿಯೂ ಬೋರ್ಡೂ ಸರಿಯಾಗಿವೆ.

ಈಗ ಎರಡು ವಿಷಯ ತಿಳಿಯಬೇಕಾಗಿದೆ. ಹೊಸ ಚಾರ್ಜರ್ ಕೊಳ್ಳುವಾಗ ಕಂಪನಿಯದೇ ಬೇಕೇ, ಬೇರೆಯದೂ ನಡೆಯುತ್ತದೆಯೇ? ಶೇ. 65ಕ್ಕೆ ಇಳಿದ ಬ್ಯಾಟರಿಯನ್ನು ಇದೇ ಸಮಯದಲ್ಲಿ ಬದಲಿಸಿಬಿಡುವುದು ಒಳ್ಳೆಯದೇ?

ಉತ್ತರ: ಲ್ಯಾಪ್‌ಟಾಪ್ ರಿಪೇರಿ, ಹುಬ್ಬಳ್ಳಿ

ಬ್ಯಾಟರಿಯನ್ನು ಈಗ ಬದಲಿಸಬೇಡಿರಿ. 27 ವ್ಯಾಟ್-ಅವರ್ ಎಂದರೆ ತಮ್ಮ ಕೆಲಸಕ್ಕೆ ಇನ್ನೂ ಎರಡು ಗಂಟೆ ಬರುತ್ತದೆ, ಪ್ರಾಂಗಣದಲ್ಲಿ ಕರೆಂಟು ಹೋಗಿ ಬರುವ ಹೊತ್ತಿಗೆ ಅದು ಸಾಕು. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ವಯಸ್ಸಾಗುತ್ತದೆ. ಬೇಕಾಗುವ ಮುನ್ನ ಕೊಂಡಿಟ್ಟರೆ ಲಾಭವಿಲ್ಲ. ಚಾರ್ಜ್ ಶೇ. 30ರಿಂದ ಒಮ್ಮೆಲೇ ಸೊನ್ನೆಗೆ ಬಿದ್ದು ಲ್ಯಾಪ್‌ಟಾಪ್ ಬಂದ್ ಆಗತೊಡಗಿದರೆ, ಅಥವಾ ಗದಗಿನವರು ಹೇಳಿದ ಉಬ್ಬು ಕಂಡರೆ ಬದಲಿಸಿರಿ. ಆಗ ತೆಗೆದ ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿಯೇ ಒಪ್ಪಿಸಬೇಕು, ಮರಳಿ ಪಡೆದು ವಿಲೇವಾರಿ ಮಾಡುವ ಹೊಣೆ ಉತ್ಪಾದಕರ ಮೇಲಿದೆ.

ಚಾರ್ಜರ್ ವಿಷಯದಲ್ಲಿ ಕಂಪನಿಯದೇ ಸಿಕ್ಕರೆ ಅದನ್ನೇ ಕೊಳ್ಳಿರಿ. ಬೇರೆಯದಾದರೆ ವೋಲ್ಟೇಜ್ 19.5ರಷ್ಟೇ ಇರಬೇಕು, ವ್ಯಾಟ್ 65 ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ಅದರ ಚೀಟಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಯಾವ ತಯಾರಕರದು ಎಂಬುದು ಬರುತ್ತದೆ. ಮುಂದೆ ಬ್ಯಾಟರಿ ಕೊಳ್ಳುವಾಗಲೂ ಇದನ್ನೇ ನೋಡಿರಿ. ಅಗ್ಗದ ನಕಲು ಚಾರ್ಜರುಗಳಲ್ಲಿ ಗುರುತಿನ ಚಿಪ್ಪನ್ನೇ ಹಾಕದೆ ನಡುವಿನ ಪಿನ್ನನ್ನು ಸುಮ್ಮನೆ ತೋರಿಕೆಗೆ ಇಟ್ಟಿರುವುದುಂಟು. ಅದನ್ನು ಹಚ್ಚಿದರೆ ತಮಗೆ ಮತ್ತೆ ಇದೇ ‘ಅನ್‌ನೋನ್’ ಸಿಗುತ್ತದೆ. ಹಾಗಾಗಿ ಹಾವೇರಿಯಲ್ಲಿ ಕೊಳ್ಳಿರಿ, ಹುಬ್ಬಳ್ಳಿಯಲ್ಲಿ ಕೊಳ್ಳಿರಿ, ಲ್ಯಾಪ್‌ಟಾಪನ್ನು ಜೊತೆಗೆ ಒಯ್ದು, ಅಂಗಡಿಯ ಗಲ್ಲೆಯ ಮೇಲೆಯೇ ಹಚ್ಚಿ, ಬಯೋಸಿನಲ್ಲಿ ‘65 ವ್ಯಾಟ್’ ಎಂದು ಕಂಡ ಮೇಲೆಯೇ ಹಣ ಕೊಡಿರಿ.